ಬಚ್ಚಲ ಬದಿಯ ಎರಡು ಕಾಫಿ ಗಿಡ

ಅಡವಯ್ಯ ಎರಡನೇ ಏಟು ಹಾಕುವಷ್ಟರಲ್ಲಿ ಮಗಳು ಮಹಾಲಕ್ಷ್ಮಮ್ಮ ಓಡಿಬಂದು ಕೊಡಲಿಯ ಕಾವು ಹಿಡಿದುಕೊಂಡಳು.

“ಅದನ್ಯಾಕಪ್ಪ ಕಡೀತೀಯ? ಚಟ್ಟಕ್ಕೆ ಬಿದ್ರು ತಂದವ್ರಲ್ಲ.”

“ಎರಡೇ ಗಳ ತಂದಿರೋದು. ಅಡ್ಡಕ್ಕೆ ಬ್ಯಾಡ್ವಾ? ಕೈ ಬುಡು.”

“ಬೇಲೀಲಿ ಬೇಕಾದಷ್ಟು ಲಕ್ಕಿ ಐತೆ. ಇದು ಅವ್ವ ಸಾಕಿದ ಗಿಡ ಕಣಪ್ಪ. ಹಣ್ಣು ತುಂಬೈತೆ ನೋಡು.”

“ಅದಕ್ಕೇ ಕಡೀತಿರೋದು. ಅವಳ ಜೊತೇಲೇ ಹೋಗ್ಲಿ. ಈಗ ಇದು, ಮಣ್ಣು ಮಾಡಿ ಬಂದ್ಮ್ಯಾಲೆ ಅದು.”

ಮಗಳು ಕೈಬಿಟ್ಟಳು. ಅಪ್ಪನ ಜೊತೆ ಜಗಳವಾಡುವ ದಿನವಲ್ಲ ಅದು. ಜಗಲಿಯ ಮೇಲೆ ಅವ್ವ ರಾಮಾಂಜಿನಮ್ಮನನ್ನು ಮಲಗಿಸಿದ್ದರು, ಬಾಯಿ ತೆರೆದುಕೊಳ್ಳದ ಹಾಗೆ ದವಡೆಗೆ ಬಿಳಿ ಬಟ್ಟೆ ಬಿಗಿದಿದ್ದರು. ಮೂರು ದಿನದ ಜ್ವರ, ನಾಲ್ಕನೆಯ ದಿನ ಬೆಳಗಾಗುವಾಗ ಉಸಿರಿಲ್ಲ. ಮುತ್ತೈದೆ ಸಾವು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಯಾವ ಪುಣ್ಯ ಎಂದು ಮಾತ್ರ ಯಾರೂ ಕೇಳಲಿಲ್ಲ.

ಹೊಳವನಹಳ್ಳಿಯಲ್ಲಿ ರಾಗಿ ಬೆಳೆದವರಿದ್ದಾರೆ, ಕಡಲೆಕಾಯಿ ಬೆಳೆದವರಿದ್ದಾರೆ. ಹಿತ್ತಲಲ್ಲಿ ಕಾಫಿ ಬೆಳೆದವಳು ಅವಳೊಬ್ಬಳೇ. ಹೊಂಗೆಮರದ ನೆರಳಲ್ಲಿ ಎರಡೇ ಗಿಡ, ಅವಕ್ಕೆ ಬಚ್ಚಲ ನೀರು. ಬಾವಿ ಬತ್ತಿದ ವರ್ಷ ಮುಖ ತೊಳೆದ ನೀರನ್ನೂ ಚೊಂಬಿನಲ್ಲಿ ಹಿಡಿದು ಬುಡಕ್ಕೆ ಹುಯ್ಯುತ್ತಿದ್ದಳು. ಸಂಕ್ರಾಂತಿ ಕಳೆದ ಮೇಲೆ ಹಣ್ಣು ಬಿಡಿಸಿ, ಕೈಯಲ್ಲೇ ಸಿಪ್ಪೆ ಹಿಚುಕಿ, ಮಾಳಿಗೆಯ ಮೇಲೆ ಒಣಗಿಸಿ, ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ ಡಬ್ಬಕ್ಕೆ ತುಂಬುವಳು. ವರ್ಷಕ್ಕೆ ಎರಡು ಸೇರು ಬೀಜ. ಬೇಕಾದಾಗ ಒಂದೊಂದು ಹಿಡಿ ಹುರಿಯುವಳು. ಅಂಗಡಿಯ ಕಾಫಿಪುಡಿ ಆ ಮನೆಯ ಹೊಸ್ತಿಲು ದಾಟಲಿಲ್ಲ. ಸಕ್ಕರೆ ಸಿಗದ ಕಾಲದಲ್ಲೂ ಬೆಲ್ಲ ಹಾಕಿ, ಬಂದವರಿಗೆಲ್ಲ ಒಂದು ಲೋಟ ಕೊಟ್ಟಳು.

ಕೇರಿಯವರೆಲ್ಲ ಆ ಕಾಫಿ ಕುಡಿದವರೇ, ಗಂಡನೊಬ್ಬನನ್ನು ಬಿಟ್ಟು. ದಿನಾ ಬೆಳಿಗ್ಗೆ ಅವನ ಪಕ್ಕ ಒಂದು ಲೋಟ ಇಡುವಳು. ಅದು ಆರಿ ಕೆನೆ ಕಟ್ಟುವುದು. ಅವನು ಟವಲು ಕೊಡವಿಕೊಂಡು ಬಸ್‌ಸ್ಟಾಂಡಿನ ಹೋಟೆಲಿಗೆ ಹೋಗಿ ಕುಡಿದು ಬರುವನು. ಅವಳು ಆ ಲೋಟವನ್ನು ಗಿಡದ ಬುಡಕ್ಕೆ ಸುರಿಯುವಳು. ಹದಿನಾಲ್ಕು ವರ್ಷ ಹೀಗೇ ನಡೆಯಿತು. ಇಂಥ ಹಟಮಾರಿ ಆ ಹೋಬಳಿಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ. ತನ್ನ ಹಟಕ್ಕೆ ಕಾರಣವಿದೆ ಎಂದು ಅವನು ನಂಬಿದ್ದ.

*

ಐವತ್ತೊಂದನೇ ಇಸವಿಯಲ್ಲಿ ರಾಗಿ ಕೊಯ್ಲು ಮುಗಿಸಿ ಅವರು ಕಾಫಿ ಹಣ್ಣು ಬಿಡಿಸಲು ಘಟ್ಟಕ್ಕೆ ಹೋದರು. ಗಂಡ, ಹೆಂಡತಿ, ಎಂಟು ವರ್ಷದ ಮಹಾಲಕ್ಷ್ಮಿ, ನಾಲ್ಕು ವರ್ಷದ ಬೈರ. ಪಕ್ಕದ ಮನೆಯ ಕೊಲ್ಲಾಪುರಮ್ಮನೂ ಜೊತೆಗಿದ್ದಳು. ಮೂರನೆಯ ತಿಂಗಳಲ್ಲಿ ಬೈರನಿಗೆ ಚಳಿಜ್ವರ ಬಂತು. ಐದನೆಯ ದಿನ ಅವನನ್ನು ಕೂಲಿ ಲೈನಿನ ಮನೆಗಳ ಹಿಂದೆ, ತೋಟದ ಅಂಚಿನಲ್ಲಿ ಮಣ್ಣು ಮಾಡಿದರು.

ಅದಾಗಿ ಒಂಬತ್ತು ದಿನಕ್ಕೆ ಊರಿಗೆ ಹೊರಟರು. ಗೇಟಿನಲ್ಲಿ ಕಾವಲಿನವನು ಎಲ್ಲರ ಗಂಟು ಬಿಚ್ಚಿಸಿ, ಹೆಂಗಸರ ಮಡಿಲು ಕೊಡವಿಸಿ ನೋಡುತ್ತಿದ್ದ. ತೋಟದ ಒಂದು ಬೀಜವೂ ಆಚೆ ಹೋಗಕೂಡದು.

“ಹೆಸರೇನಮ್ಮ?” ಎಂದ. ರಾಮಾಂಜಿನಮ್ಮ ಮಾತಾಡಲಿಲ್ಲ. ಮತ್ತೆ ಕೇಳಿದ. ಸುಮ್ಮನೆ ನಿಂತಳು.

“ಬಾಯಿ ಬುಡೇ ರಾಮಿ,” ಎಂದ ಅಡವಯ್ಯ.

“ನಿನ್ನ ಹೆಂಡ್ತಿ ಮೂಗಿಯೇನೋ? ಇಲ್ಲ ನನ್ನ ಆಟ ಆಡಿಸ್ತಾವ್ಳೋ?” ಎಂದು ಕಾವಲಿನವನು ಅಡವಯ್ಯನ ಕೆನ್ನೆಗೆ ಬಾರಿಸಿದ. ಮಗಳ ಎದುರು, ಊರಿನವರ ಎದುರು. ಆಗಲೂ ಅವಳು ಬಾಯಿ ತೆರೆಯಲಿಲ್ಲ.

ರಸ್ತೆ ತಿರುಗಿದ ಮೇಲೆ ಅವಳು ಅಂಗೈಗೆ ಉಗುಳಿಕೊಂಡಳು. ಹನ್ನೊಂದು ಕಾಫಿ ಬೀಜ.

ಅಡವಯ್ಯ ಎತ್ತಿದ ಕೈಯನ್ನು ಹಾಗೇ ಇಳಿಸಿದ. “ಮಗಾನ ಮಣ್ಣಿಗಿಕ್ಕಿ ಒಂಬತ್ತು ದಿನ ಆಗಿಲ್ಲ, ನಿಂಗೆ ಕಾಫಿ ಕುಡಿಯೋ ಚಪಲ. ನೀನೂ ಒಬ್ಳು ತಾಯಿ.”

“ಅಂಗಲ್ಲ, ಬೈರನ...”

“ಅವನ ಹೆಸ್ರು ಎತ್ತಬ್ಯಾಡ. ಈವತ್ತಿಂದ ನನ್ನ ಮುಂದೆ ಎತ್ತಲೇಬ್ಯಾಡ.”

ಅವಳು ಬೀಜಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಹೆಸರನ್ನು ಅವನ ಮುಂದೆ ಮತ್ತೆಂದೂ ಎತ್ತಲಿಲ್ಲ. ಹನ್ನೊಂದರಲ್ಲಿ ಎರಡು ಗಿಡ ಉಳಿದವು.

*

ಹೆಂಗಸರು ಹೆಣಕ್ಕೆ ನೀರು ಹುಯ್ದರು. ಅರಿಶಿನದ ನೀರು ಬಚ್ಚಲ ಕಾಲುವೆಯಲ್ಲಿ ಹರಿದು, ಎಂದಿನಂತೆ ಗಿಡದ ಪಾತಿಗೆ ಹೋಗಿ ನಿಂತಿತು. ಒಂದು ಪಾತಿಯಲ್ಲಿ ಗಿಡವಿರಲಿಲ್ಲ, ಮೋಟು ಮಾತ್ರ ಇತ್ತು. ಕೊಡಲಿಯನ್ನು ಅಡವಯ್ಯ ಇನ್ನೊಂದು ಗಿಡಕ್ಕೆ ಒರಗಿಸಿಟ್ಟಿದ್ದ.

ರಾಮಾಂಜಿನಮ್ಮನ ತಮ್ಮ ಸಣ್ಣರಂಗಯ್ಯ ಮಡಕೆ ಹಿಡಿದು ಮುಂದೆ ನಡೆದ. ಬಸ್‌ಸ್ಟಾಂಡು ದಾಟುವಾಗ ಶಿರಾ ಕಡೆಯ ಬಸ್ಸು ಬಂದು ನಿಂತಿತು. ಕೊಲ್ಲಾಪುರಮ್ಮ ಇಳಿದಳು. ಘಟ್ಟದಿಂದ ಬಂದ ವರ್ಷವೇ ಮಗನ ಜೊತೆ ಬರಗೂರು ಸೇರಿದವಳು, ಈಗ ಹಣ್ಣು ಮುದುಕಿ. ಸೆರಗು ಬಾಯಿಗಿಟ್ಟುಕೊಂಡು ಹಿಂದೆ ಬಂದಳು.

ಗುಂಡಿಯ ಪಕ್ಕ ಚಟ್ಟ ಇಳಿಸಿದಾಗ ಅವಳ ಕಣ್ಣು ಅಡ್ಡಗೋಲಿನ ಮೇಲೆ ಬಿತ್ತು. ಸವರುವಾಗ ತಪ್ಪಿದ ಒಂದು ಕವಲಿನಲ್ಲಿ ಕೆಂಪು ಹಣ್ಣಿನ ಗೊಂಚಲು ಉಳಿದಿತ್ತು.

“ಇದು ಬೈರನ ಗಿಡ ಅಲ್ವಾ ಅಡವಣ್ಣ? ಇದನ್ಯಾಕೆ ಕಡುದ್ರಿ?”

ಆ ಹೆಸರು ಕೇಳಿ ಅಡವಯ್ಯ ತಿರುಗಿದ. “ಏನಂದೆ?”

“ಮಗಾನ ತಲೆತಾವ ಒಂದು ಕಾಫಿ ಗಿಡ ಇತ್ತಲ್ಲ, ಅದರ ಹಣ್ಣಿನ ಬೀಜ ಅಲ್ವಾ ಇವು? ಹೊರಡೋ ದಿನ ಬೆಳಿಗ್ಗೆ ನಾನೂ ಅವಳ ಜೊತೆ ಹೋಗಿದ್ದೆ. ‘ಮಗಾನ ಇಲ್ಲೇ ಬುಟ್ಟು ಹೋಗ್ತಿದೀನಿ, ಅವನ ತಲೆತಾವ ಇದ್ದುದ್ದು ಇದಾದ್ರೂ ಮನೆತಾವ ಇರ್ಲಿ’ ಅಂದ್ಲು. ಮಡಿಲಲ್ಲಿದ್ರೆ ಗೇಟಲ್ಲಿ ಕಿತ್ಕೋತಾರೆ, ಬಾಯಾಗಿಟ್ಕೋ ಅಂತ ನಾನೇ ಹೇಳ್ದೆ.” ಅವಳು ಅವನ ಮುಖ ನೋಡಿದಳು. “ನಿಂಗೆ ಹೇಳ್ಲಿಲ್ವಾ? ಇಷ್ಟು ವರ್ಷದಾಗೆ?”

ಅಡವಯ್ಯನಿಗೆ ಆರಿಹೋದ ಲೋಟಗಳು ನೆನಪಾದವು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು, ಇದನ್ನು ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು ಎಂದು.

“ಬಾ ಭಾವ, ಎಲ್ರೂ ಬಾಯಕ್ಕಿ ಹಾಕಾಯ್ತು. ನಿಂದೊಂದೇ,” ಎಂದು ಸಣ್ಣರಂಗಯ್ಯ ಹೆಣದ ಬಾಯಿಗಿಡುವ ಅಕ್ಕಿಯ ತಟ್ಟೆ ಚಾಚಿದ.

ಅಡವಯ್ಯ ಅಕ್ಕಿ ಮುಟ್ಟಲಿಲ್ಲ. ಕವಲಿನಿಂದ ಒಂದು ಹಣ್ಣು ಕಿತ್ತು ಹಿಚುಕಿದ. ಅಂಗೈಯಲ್ಲಿ ಎರಡು ಬೀಜ ಬಿದ್ದವು. ದವಡೆಯ ಬಟ್ಟೆ ಬಿಚ್ಚಿ, ಬೆರಳಿನಿಂದ ಅವಳ ತುಟಿ ಸರಿಸಿ ನೋಡಿದ. ಹಲ್ಲು ಕಚ್ಚಿಕೊಂಡಿತ್ತು.

“ಬಾಯಿ ಬುಡೇ ರಾಮಿ,” ಎಂದ. ಹತ್ತಿರ ನಿಂತವರಿಗಷ್ಟೇ ಕೇಳಿಸಿತು.

“ಸೆಟೆದೋಗೈತೆ ಭಾವ. ಬರಕಿಲ್ಲ. ತುಟಿ ಮ್ಯಾಲಿಡು, ಸಾಕು.”

ತುಟಿಯ ಮೇಲಿಟ್ಟ. ಲೋಳೆ ಇನ್ನೂ ಹಸಿಯಾಗಿತ್ತು. ಬೀಜಗಳು ಜಾರಿ ಚಟ್ಟಕ್ಕೆ ಬಿದ್ದವು. ಮತ್ತೆ ಇಟ್ಟ, ಮತ್ತೆ ಜಾರಿದವು. ಅವನ್ನು ಆರಿಸಿಕೊಂಡು ಮುಷ್ಟಿ ಮುಚ್ಚಿ ಎದ್ದ. ಮೂರು ಹಿಡಿ ಮಣ್ಣನ್ನು ಎಡಗೈಯಲ್ಲೇ ಹಾಕಿದ. ಬಲಗೈ ಬಿಚ್ಚು ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ.

ಮನೆಗೆ ಬಂದು, ಕಾಲು ತೊಳೆದು, ಹೆಣವಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಜನ ಚದುರಿದರು. ಅಡವಯ್ಯ ಹಿತ್ತಲಿಗೆ ಹೋಗಿ, ಉಳಿದ ಗಿಡಕ್ಕೆ ಒರಗಿಸಿದ್ದ ಕೊಡಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಮಗಳು ಹಿಂದೆಯೇ ಬಂದಳು.

“ಅಪ್ಪ, ಅದನ್ನೂ ಕಡೀತೀಯ?”

ಅವನು ಮಾತಾಡಲಿಲ್ಲ.

“ಅಪ್ಪ, ನಿನ್ನೇ ಕೇಳ್ತಿರೋದು. ಕಡೀತೀಯ?”

ಸುಮ್ಮನೆ ಕೂತಿದ್ದ.

“ಬಾಯಿ ಬುಟ್ಟು ಹೇಳಪ್ಪ.”

ಅಡವಯ್ಯ ತಲೆಯೆತ್ತಿ ಮಗಳನ್ನು ನೋಡಿದ. ಅವನ ಬಲಗೈ ಖಾಲಿಯಾಗಿ ಮಂಡಿಯ ಮೇಲಿತ್ತು. ತುಟಿ ಬಿಗಿದಿದ್ದ. ಬಲಗೆನ್ನೆ ಕೊಂಚ ಉಬ್ಬಿತ್ತು.