ಕದಿರು ಬರುವ ದಾರಿ

ನನ್ನ ಗಂಡ ಸದಾಶಿವ ಅವರದು ಒಂದು ವಿಶೇಷ ಗುಣ. ಒಂದು ಕೆಲಸ ಮುಗಿಸುವಷ್ಟರಲ್ಲಿ ಇನ್ನೆರಡು ಕೆಲಸ ಹುಟ್ಟಿಸಿರುತ್ತಾರೆ.

ಈ ಚಳಿಯ ಪರದೇಶದಲ್ಲಿ, ಮಿಲ್ಟನ್ ಎಂಬ ಊರಿನ ಆಚೆ ನಾವು ಕೊಂಡ ಹಳೇ ಫಾರ್ಮ್‌ಹೌಸಿನ ಹಿಂದೆ ಹುಲ್ಲು, ಹುಲ್ಲಿನಾಚೆ ತುಕ್ಕು ಹಿಡಿದ ಮುಳ್ಳುತಂತಿಯ ಬೇಲಿ, ಅದರಾಚೆ ನಮ್ಮದೇ ಒಂದು ತುಂಡು ಜಾಗ. ೨೦೧೮ರಲ್ಲಿ ನನ್ನ ಅತ್ತೆ ಕಮಲಮ್ಮ ಅಲ್ಲಿ ಓಟ್ಸ್ ಬಿತ್ತಿಸಿದರು. ಭತ್ತ ಇಲ್ಲಿ ಆಗುವುದಿಲ್ಲ, ಕದಿರು ಇಲ್ಲದೆ ಅತ್ತೆಗೆ ಆಗುವುದಿಲ್ಲ. ನಮ್ಮ ಮಂಗಳೂರಿನ ಕಡೆ ನವರಾತ್ರಿಯ ಹೊತ್ತಿಗೆ ಗದ್ದೆಯಿಂದ ಹೊಸ ತೆನೆ ತಂದು ಬಾಗಿಲಿಗೆ ಕಟ್ಟುತ್ತೇವೆ. ಅದೇ ಕದಿರು. ತರುವವರು ಮನೆಯ ಹಿರಿಯರು, ಅದೂ ಬರಿಗಾಲಲ್ಲಿ. ಮಾವ ತೀರಿಕೊಂಡ ಮೇಲೆ ಅತ್ತೆ ಆ ಹಕ್ಕನ್ನು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಆದರೆ ಅತ್ತೆಗೆ ಸಕ್ಕರೆ ಕಾಯಿಲೆ. ಅಡಿಗಾಲಿಗೆ ಏನು ತಾಗಿದರೂ ತಿಳಿಯುವುದಿಲ್ಲ. ಇಲ್ಲಿಗೆ ಬರುವ ಮೊದಲು ನಾವು ಎಟೋಬಿಕೋಕ್ ಪೇಟೆಯಲ್ಲಿದ್ದಾಗ ಸೂಜಿ ಹೊಕ್ಕದ್ದು ಗೊತ್ತಾಗದೆ ಮನೆಯಿಡೀ ತಿರುಗಾಡಿ, ಕೊನೆಗೆ ಒಂದು ಬೆರಳನ್ನೇ ಕಳೆದುಕೊಂಡರು. ಇನ್ನೊಂದು ಗಾಯವಾದರೆ ಪಾದವೇ ಹೋದೀತು ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು.

ಹಬ್ಬದ ಮೊದಲಿನ ಶನಿವಾರ, ಓಟ್ಸಿನ ತನಕ ನೇರ ದಾರಿಯಾಗಲಿ ಎಂದು ಇವರು ಬೇಲಿ ಕಿತ್ತರು. ತಂತಿಯನ್ನು ಉದ್ದಕ್ಕೆ ಸುತ್ತಿ ಕಟ್ಟಿ ಗುಜರಿಗೆ ಒಯ್ಯಿರಿ ಎಂದು ಸಾರಿ ಸಾರಿ ಹೇಳಿದ್ದೆ. ನಾನು ದಿನಸಿ ತಂದು ವಾಪಸ್ ಬರುವಷ್ಟರಲ್ಲಿ ಮಹಾನುಭಾವರು ಇಡೀ ಬೇಲಿಯನ್ನು ಗೇಣುದ್ದ ಗೇಣುದ್ದ ಕತ್ತರಿಸಿ ಮುಗಿಸಿದ್ದರು.

"ಸುತ್ಲಿಕ್ಕೆ ಹೋದ್ರೆ ಮುಖಕ್ಕೇ ಹಾರ್ತದೆ ಮಾರಾಯ್ತಿ. ಹೀಗೆ ಕಟ್ ಮಾಡಿದ್ರೆ ಬಕೆಟಲ್ಲಿ ನೀಟಾಗಿ ಕೂರ್ತದೆ," ಎಂದರು.

"ಬಕೆಟಲ್ಲಿ ಕೂತದ್ದು ಸರಿ, ಹುಲ್ಲಲ್ಲಿ ಬಿದ್ದದ್ದು ಎಷ್ಟುಂಟು? ನಿಮ್ಮ ಅಮ್ಮ ನಡೆಯುವ ದಾರಿ ಅದು!"

ಇವರ ಮುಖ ಸಪ್ಪಗಾಯಿತು. ಪಾಪ, ಆ ಯೋಚನೆ ತಲೆಗೇ ಬಂದಿರಲಿಲ್ಲ.

ಅತ್ತೆಯ ಹತ್ತಿರ ಹೋಗಿ ಈ ಸಲ ಚಪ್ಪಲಿ ಹಾಕಿಕೊಳ್ಳಿ ಎಂದೆ.

"ಕದಿರು ತರ್ಲಿಕ್ಕೆ ಚಪ್ಪಲಿಯಾ? ನಿನಗೆ ತಲೆ ಸರಿ ಉಂಟಾ ಅರುಂಧತಿ?"

"ಹಾಗಾದ್ರೆ ತರಬೇಡಿ!"

"ಅದನ್ನು ಹೇಳ್ಲಿಕ್ಕೆ ನೀನ್ಯಾರು?"

ಅತ್ತೆಯ ಜೊತೆ ವಾದ ಮಾಡಿ ಮಾವನೇ ಗೆದ್ದವರಲ್ಲ, ಇನ್ನು ನಾನು!

ಮರುದಿನ ಇವರು ಅಯಸ್ಕಾಂತದ ಗಾಡಿಯೊಂದನ್ನು ಬಾಡಿಗೆಗೆ ತಂದರು. ಛಾವಣಿ ಕೆಲಸದವರು ಬಿದ್ದ ಮೊಳೆ ಹೆಕ್ಕುವುದು ಅದರಲ್ಲೇ. ಎಳೆದಲ್ಲೆಲ್ಲ ಟಣ್ ಟಣ್ ಎಂದು ತುಂಡುಗಳು ಬಂದು ಅಂಟಿದವು. ಅತ್ತೆ ಮನೆಯ ಹಿಂದಿನ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ಕುರ್ಚಿ ಹಾಕಿಸಿಕೊಂಡು, "ಅಲ್ಲಿ ಬಿಟ್ಟೆ ನೋಡು, ಬಲಕ್ಕೆ, ಬಲಕ್ಕೆ!" ಎಂದು ಮಗನನ್ನು ದುಡಿಸಿದರು. ಸೋಮವಾರ ಬಕೆಟುಗಳೆಲ್ಲ ಗುಜರಿಗೆ ಹೋದವು. ಮುಳ್ಳುತಂತಿಯನ್ನು ಇಷ್ಟು ಚಂದ ಕೊಚ್ಚಿ ತಂದವರನ್ನು ನೋಡಿಯೇ ಇಲ್ಲ ಎಂದು ಅಲ್ಲಿಯವನು ನಕ್ಕನಂತೆ. ಇವರು ಅದನ್ನು ಹೊಗಳಿಕೆ ಎಂದುಕೊಂಡು ಊಟದ ತನಕ ಹೇಳಿದ್ದೇ ಹೇಳಿದ್ದು.

ನನಗೆ ಮಾತ್ರ ಆ ಗಾಡಿಯ ಮೇಲೆ ನಂಬಿಕೆ ಬರಲಿಲ್ಲ. ಹಬ್ಬದ ಬೆಳಿಗ್ಗೆ ಶೂ, ಸಾಕ್ಸು ಕಳಚಿ ಹುಲ್ಲಿಗಿಳಿದೆ. ಅಬ್ಬಾ, ಅಕ್ಟೋಬರಿನ ಆ ಇಬ್ಬನಿ! ಮಂಜುಗಡ್ಡೆ ತುಳಿದ ಹಾಗಾಯಿತು. ಅಡಿಗೆ ಅಡಿ ತಾಗಿಸಿ ಓಟ್ಸಿನ ತನಕ ಹೋಗಿ, ಪಕ್ಕದ ಸಾಲು ಹಿಡಿದು ವಾಪಸ್ ಬಂದೆ. ಮತ್ತೆ ಹೋದೆ. ಇನ್ನು ಸಾಕು ಎನ್ನುವಾಗ ಹಿಮ್ಮಡಿಗೆ ಚುಚ್ಚಿತು.

"ಅಯ್ಯಮ್ಮಾ!"

ತಂತಿಯ ತುಂಡೊಂದು ಮಣ್ಣಿನೊಳಗೆ ಹೂತುಹೋಗಿತ್ತು, ತುದಿ ಮಾತ್ರ ಮೇಲಿತ್ತು. ಇವರು ಓಡಿ ಬಂದು, "ಎಲ್ಲ ನನ್ನಿಂದಲೇ ಆದದ್ದು," ಎಂದು ಶುರು ಮಾಡಿದರು.

"ಅದೆಲ್ಲ ಆಮೇಲೆ. ಮೊದಲು ಬ್ಯಾಂಡೇಜ್ ತನ್ನಿ."

ಅತ್ತೆ ಡೆಕ್ಕಿನಿಂದ ನಿಧಾನ ಇಳಿದು ಬಂದು ನನ್ನ ಹಿಮ್ಮಡಿಯ ರಕ್ತ ನೋಡಿದರು.

"ಚುಚ್ಚಿದ ಕೂಡ್ಲೇ ಗೊತ್ತಾಯ್ತಾ ನಿನಗೆ?"

"ಗೊತ್ತಾಗದೆ ಇರ್ತದಾ ಅತ್ತೆ? ಜೀವ ಹೋದ ಹಾಗಾಯ್ತು."

ಅವರು ತಮ್ಮ ಕಾಲನ್ನೇ ನೋಡುತ್ತಾ ನಿಂತರು. "ನನಗೆ ಗೊತ್ತಾಗ್ತಿರ್ಲಿಲ್ಲ," ಎಂದರು. ಆಮೇಲೆ ಎಂದಿನ ಜೋರು ದನಿಯಲ್ಲೇ, "ಇನ್ನು ಮೇಲೆ ಕದಿರು ನೀನೇ ತಾ," ಎಂದರು.

ನಾನು ಒಂಟಿ ಕಾಲಲ್ಲೇ ಎದ್ದು ನಿಂತೆ.

"ಮತ್ತೆ ನೀವು?"

"ಹಿಂದಿನಿಂದ ಬರ್ತೇನೆ. ಆ ದರಿದ್ರ ಚಪ್ಪಲಿ ಎಲ್ಲಿಟ್ಟಿದ್ದೀ, ತಾ."

ಓಟ್ಸಿನ ತೆನೆ ಕೊಯ್ದು ಅತ್ತೆಯೇ ನನ್ನ ತಲೆಯ ಮೇಲಿಟ್ಟರು. ಹಿಮ್ಮಡಿಗೆ ಬ್ಯಾಂಡೇಜ್ ಸುತ್ತಿಕೊಂಡು, ಕುಂಟುತ್ತಾ, ಬರಿಗಾಲಲ್ಲಿ ಮನೆಯ ಕಡೆ ಹೊರಟೆ. "ನೇರ ಹೋಗು. ಬೀಳಿಸ್ಬೇಡ," ಎಂದು ಹಿಂದಿನಿಂದ ಅಪ್ಪಣೆ ಬರುತ್ತಲೇ ಇತ್ತು. ಬೈಗುಳ ಕೇಳಿ ಇಷ್ಟು ಖುಷಿಯಾದದ್ದು ಅದೇ ಮೊದಲು. ಬೇಲಿ ಇದ್ದ ಜಾಗ ದಾಟುವಾಗಲೂ ನಾನು ತಿರುಗಿ ಅತ್ತೆಯ ಕಾಲು ನೋಡುವ ಅಗತ್ಯ ಬರಲಿಲ್ಲ. ಅತ್ತೆಯ ಚಪ್ಪಲಿಯ ಪಟಪಟ ಸದ್ದು ಬಾಗಿಲ ತನಕ ನನ್ನ ಬೆನ್ನ ಹಿಂದೆಯೇ ಬಂತು.