ಬಾವಿಯ ಹಿಂದಿನಿಂದ ಬರುವವಳು

ಸುಮಿತಾ ತಾಯಿಯ ತಲೆಯನ್ನು ಎರಡೂ ಕೈಗಳಿಂದ ಹಿಡಿದು ಗೋಡೆಗೆ ಒತ್ತಿಕೊಂಡು ನಿಂತಿದ್ದಳು. ಪಕ್ಕದ ಮನೆಯ ಗಿರಿಜಾಬಾಯಿ ಹಳೆಯ ಸೀರೆಯ ಅಂಚು ಹರಿದು, ನೀಲಕ್ಕನ ಹಣೆಗೆ ಸುತ್ತಿ, ತುದಿಯನ್ನು ಗೋಡೆಯ ಮೊಳೆಗೆ ಬಿಗಿಯುತ್ತಿದ್ದಳು. ಹೆಣವನ್ನು ಕೂರಿಸಿಯಾಗಿತ್ತು, ಕತ್ತು ಮಾತ್ರ ನಿಲ್ಲಲೊಲ್ಲದು. ನಸುಕಿನಲ್ಲಿ ಚಹಾಕ್ಕೆ ನೀರಿಟ್ಟವಳು ಎದೆ ಹಿಡಿದುಕೊಂಡು ಕುಳಿತಿದ್ದಳು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಇನ್ನೊಂದೀಟು ಮ್ಯಾಲ ಹಿಡಿ ತಂಗಿ," ಎಂದಳು ಗಿರಿಜಾಬಾಯಿ. "ನಿಮ್ಮವ್ವ ಯಾರ ಮುಂದೂ ತಲಿ ತಗ್ಗಿಸಿದಾಕಿ ಅಲ್ಲ. ಮೊಬೈಲ್ ಒಂದು ಬಿಟ್ಟು."

ಸುಮಿತಾಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಅಷ್ಟರಲ್ಲಿ ಬೀದಿಯ ಕಡೆ ಟೆಂಪೋ ನಿಂತ ಸದ್ದಾಯಿತು. ಹಿಂದೆಯೇ ಒಂದು ಗಂಡಸಿನ ದನಿ ದಾಂಡೇಲಿಯ ಬಂಗೂರನಗರದ ಆ ಓಣಿಯನ್ನೆಲ್ಲ ತುಂಬಿತು.

"ವೈನೀ! ನನ್ನ ತಾಯೀ! ನಮ್ಮನ್ನ ಬಿಟ್ಟು ಹೆಂಗ ಹೋದಿ!"

ಸುಮಿತಾಳ ಕಾಕಾ ಮಲಕಪ್ಪ. ಅಣ್ಣ ಅಂದಾನೆಪ್ಪ ತೀರಿಕೊಂಡ ಮೇಲೆ ಈ ಹೊಸ್ತಿಲು ತುಳಿಯದವನು ಇಂದು ಹಳಿಯಾಳದ ಕಡೆಯ ಹಳ್ಳಿಯಿಂದ ಅಕ್ಕ ಕಾಶೆವ್ವನನ್ನೂ ಒಂದು ಟೆಂಪೋ ಬೀಗರನ್ನೂ ಹೇರಿಕೊಂಡು ಬಂದಿದ್ದ. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಫೋನು ತೆಗೆದ. ಮಲಕಪ್ಪನಿಗೆ ಫೋನನ್ನು ಕಿವಿಗೆ ಹಿಡಿದು ಗೊತ್ತಿಲ್ಲ. ಸ್ಪೀಕರ್ ಹಾಕಿ ಅಂಗೈಯಲ್ಲಿ ಇಟ್ಟುಕೊಂಡು ಊರಿಗೇ ಕೇಳುವಂತೆ ಮಾತಾಡುವವನು.

"ಕುಣಿ ಆಳ ತಗೀರ್ಲೇ! ನಮ್ಮ ವೈನಿ ಅಂದ್ರ ನಮ್ಮ ತಾಯಿ ಇದ್ದಂಗ!"

ಸುಮಿತಾ ತಾಯಿಯ ತಲೆಯಿಂದ ಕೈ ತೆಗೆದಳು. "ಎಲ್ಲಿ ಕುಣಿ, ಕಾಕಾ?"

"ಎಲ್ಲಿ ಅಂದ್ರ? ನಮ್ಮ ಹೊಲದಾಗ. ಅಣ್ಣನ ಬಾಜೂಕ."

"ಇಲ್ಲೇ ರುದ್ರಭೂಮಿಯಾಗ ತಗ್ಯಾಕ ಹತ್ಯಾರ. ಅವ್ವ ನನಗ ಬಾಯಿ ಬಿಟ್ಟು ಹೇಳ್ಯಾಳ, ಹೊಲಕ್ಕ ಒಯ್ಯಬ್ಯಾಡ ಅಂತ."

"ಅಂದಾನೆಪ್ಪನ ಹೇಂತಿ ಅನಾಥರಂಗ ದಾಂಡೇಲ್ಯಾಗ ಮಣ್ಣಾದ್ಲು ಅಂತ ಮಂದಿ ನನ್ನ ಮಾರಿಗೆ ಉಗುಳಬೇಕೇನು?" ಎಂದು ಮಲಕಪ್ಪ ಗುಡುಗಿದ. ಬರುವ ತಿಂಗಳು ಅವನ ಊರಿನ ಸೊಸೈಟಿಗೆ ಇಲೆಕ್ಷನ್ ಇತ್ತು, ಅವನೂ ನಿಂತಿದ್ದ. ಮಾರಿಯ ಚಿಂತೆ ಅಲ್ಲಿಂದ ಹುಟ್ಟಿದ್ದು. ಟೆಂಪೋದಿಂದ ಇಳಿದವರೆಲ್ಲ ಹೌದು, ಹೌದು, ಅದೇ ರೂಢಿ ಎಂದರು.

"ಒಂದ ಜೀವಕ್ಕ ಎರಡು ಕುಣಿ ತಗೀತಾರೇನ್ರಿ?" ಎಂದು ಗಿರಿಜಾಬಾಯಿ ಗಾಬರಿಯಾದಳು. "ತಗದ ಕುಣಿ ಖಾಲಿ ಮುಚ್ಚಬಾರದಂತಾರ. ಅದು ಮತ್ತೊಬ್ಬರನ್ನ ಕೇಳ್ತೈತಂತ."

"ಮಲಕಪ್ಪಣ್ಣಾರ, ನೀವು ಸಮಾಧಾನ ಮಾಡ್ಕೋರಿ," ಎಂದು ಯಾರೋ ಅವನ ಬೆನ್ನು ಸವರಿದರು.

ಬಾಗಿಲ ಬಳಿ ಹೂವಿನ ಹಾರ ಹಿಡಿದು ನಿಂತಿದ್ದ ಒಬ್ಬಾತ ಆ ಹೆಸರು ಕೇಳಿ ಬೆಚ್ಚಿದ. ಸುದ್ದಿ ಕೇಳಿ ಮುಂಡಗೋಡಿನಿಂದ ಸಿಕ್ಕ ಬಸ್ಸಿಗೆ ಬಂದಿಳಿದ ಮೌನೇಶ, ಅಲ್ಲಿ ಬೇಕರಿ ಇಟ್ಟವನು. ನೀಲಕ್ಕನ ಮುಖವನ್ನು ಅವನು ನೋಡಿದ್ದು ಇಂದೇ ಮೊದಲು. ಸುಮಿತಾಳ ಹತ್ತಿರ ಸರಿದು ಪಿಸುಗುಟ್ಟಿದ:

"ಅಕ್ಕಾರ, ಮಲಕಪ್ಪ ಅಂದ್ರ ಖರೇನ ಒಬ್ಬ ಮನಷಾ ಅದಾನೇನ್ರಿ?"

* * *

ಹಿಂದೆ, ನೀಲಕ್ಕ ಇದ್ದಾಗ, ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ ಮೇಲೆ ಸುಮಿತಾ ದಿನಾ ಫೋನಿನಲ್ಲಿ 'ಕೋಟೆಕಾವಲು' ಆಡುತ್ತಿದ್ದಳು. ಬೇರೆ ಬೇರೆ ಊರುಗಳಲ್ಲಿ ಕುಳಿತ ನಾಲ್ವರು ಫೋನಿನಲ್ಲೇ ಮಾತಾಡಿಕೊಳ್ಳುತ್ತ ಒಂದಾಗಿ ಕೋಟೆ ಕಾಯಬೇಕು. ತರತರದ ವೈರಿಗಳು ನುಗ್ಗಿ ಬರುತ್ತಾರೆ. ಕೋಟೆಯೊಳಗಿನ ದೀಪ ಆರಿದರೆ ಆಟ ಮುಗಿಯಿತು.

ಹಿಂದೆ ಕುಳಿತು ಅಕ್ಕಿ ಹಸನು ಮಾಡುತ್ತಿದ್ದ ನೀಲಕ್ಕ ಒಂದು ಸಂಜೆ ಇದ್ದಕ್ಕಿದ್ದಂತೆ ಕೂಗಿದಳು. "ಏ, ಹೊಳ್ಳಿ ನೋಡ! ಬಾವಿ ಹಿಂದಿಂದ ಬಂತು ಒಂದು!"

ಸುಮಿತಾ ತಿರುಗುವಷ್ಟರಲ್ಲಿ ದೀಪ ಆರಿತ್ತು.

"ದಿನಾ ಅಲ್ಲಿಂದನ ಬರ್ತೈತಿ. ದಿನಾ ನೀ ಬಾಗಲಾ ನೋಡ್ಕೋತ ನಿಂದರ್ತಿ. ಕೊಡ ಇಲ್ಲೆ."

ಅಂದು ಕೊಟ್ಟ ಫೋನು ಮರಳಿ ಸಿಗಲಿಲ್ಲ, ಸುಮಿತಾ ಇನ್ನೊಂದು ಕೊಳ್ಳಬೇಕಾಯಿತು. ನೀಲಕ್ಕನಿಗೆ ಹೊಡೆಯುವುದರಲ್ಲಿ ಆಸಕ್ತಿ ಇರಲಿಲ್ಲ. ಯಾವ ಜಾತಿಯ ವೈರಿ ಎಲ್ಲಿ ಹುಟ್ಟುತ್ತದೆ, ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂಬುದನ್ನೇ ನೋಡುತ್ತ ಕೂರುವಳು. ಮೊರದ ಮೇಲೆ ಅಕ್ಕಿಯನ್ನು ಬೆರಳಲ್ಲಿ ಸರಿಸಿ ಕೋಟೆ ಮಾಡುವಳು. ಹೆಬ್ಬಾಗಿಲಿಗೆ ಒಂದು ಕಡಲೆಕಾಳು, ಓಣಿಗೆ ಒಂದು ಚಿಟಿಕೆ ಸಾಸಿವೆ, ಬಾವಿಯ ಹಿಂದೆ ಒಂದು ಒಣಮೆಣಸಿನಕಾಯಿ. ಆಟದವರು ಇಟ್ಟ ಹೆಸರುಗಳು ಅವಳ ನಾಲಿಗೆಗೆ ಹೊರಳದೆ ತಾನೇ ಹೆಸರಿಟ್ಟಳು. ಕಹಳೆ ಊದುತ್ತ ಹೆಬ್ಬಾಗಿಲಿಗೆ ಬರುವ ದೈತ್ಯ ಮಲಕಪ್ಪ. "ಒದರೂದು ಭಾಳ. ಎದುರು ನಿಂತ್ರ ಮುಂದ ಬರಂಗಿಲ್ಲ." ಹಿಂಡುಹಿಂಡಾಗಿ ಓಣಿಯಲ್ಲಿ ಬರುವ ಸಣ್ಣವರು ಬೀಗರು. "ಯಾರು ಗೆಲ್ತಾರ ಅವರ ಕಡೆ." ಬಾವಿಯ ಹಿಂದಿನಿಂದ ಬರುವವಳು ಮಾತ್ರ ಕಾಶೆವ್ವ.

"ಇಕಿ ಕೈಯಾಗ ಕತ್ತಿ ಇರಂಗಿಲ್ಲ. ದೀಪಕ್ಕ ಎಣ್ಣಿ ಹಾಕಾಕಿ ಹಂಗ ಬಂದು ಆರಿಸಿ ಹೋಗ್ತಾಳ. ಕಹಳಿ ಕೇಳಿದ ಕೂಡ್ಲೆ ಬಾಗಲಾ ಬಿಟ್ಟು ಬಾವಿ ನೋಡ್ರಿ. ಮಲಕಪ್ಪ ಒದರೂದ ಅಕಿ ಸಲುವಾಗಿ."

ಮುಂಡಗೋಡಿನ ಮೌನೇಶ, ಹಳಿಯಾಳದಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವ ಜ್ಯೋತಿಬಾ, ಸುಮಿತಾ ಮೂವರೂ ಆ ದನಿ ಹೇಳಿದಲ್ಲಿ ನಿಲ್ಲುತ್ತಿದ್ದರು. ಮುದುಕಿಗೆ ಮೊಬೈಲ್ ಹುಚ್ಚು ಎಂದು ಓಣಿಯವರು ನಕ್ಕಾಗ ಸುಮಿತಾಗೆ ಮೈ ಉರಿಯುತ್ತಿತ್ತು. ಜೀವಮಾನವೆಲ್ಲ ಇಲ್ಲಿ ಕೂಡು, ಅಲ್ಲಿ ನಿಲ್ಲು ಎಂದು ಹೇಳಿಸಿಕೊಂಡವಳು ಈಗ ಮೂವರನ್ನು ಸಾಲಾಗಿ ನಿಲ್ಲಿಸಿ ಕೋಟೆ ಕಾಯುತ್ತಿದ್ದಳು. ಅದರಲ್ಲಿ ನಗುವಂಥದ್ದು ಏನಿತ್ತು?

* * *

ಭಜನೆಯವರು ಬಂದು ಕುಳಿತು ತಾಳ ಹಾಕತೊಡಗಿದರು. ಅಂಗಳದಲ್ಲಿ ಹೆಣ ಹೊರುವ ಬಿದಿರಿನ ವಿಮಾನಕ್ಕೆ ಬಾಳೆಕಂಬ ಕಟ್ಟುತ್ತಿದ್ದರು. ಅದನ್ನು ರುದ್ರಭೂಮಿಗೆ ಹೊರುವುದೋ ಟೆಂಪೋಕ್ಕೆ ಏರಿಸುವುದೋ ಎಂದು ಕಟ್ಟುವವರಿಗೇ ಗೊತ್ತಿರಲಿಲ್ಲ.

ಜ್ಯೋತಿಬಾ ಬೈಕು ನಿಲ್ಲಿಸಿ ಒಳಗೆ ಬಂದ. ನೀಲಕ್ಕನ ಪಾದ ಮುಟ್ಟಿ, "ಮಾವಶಿ," ಎಂದ. ಹೊಲದಲ್ಲಿ ಕುಣಿ ತೆಗೆಯುವ ಸುದ್ದಿ ಕೇಳಿದ ಕೂಡಲೇ ಸುಮಿತಾ ಅವನಿಗೆ ಫೋನು ಮಾಡಿ, ಹಾದಿಯಲ್ಲೇ ಐತಿ, ನೋಡ್ಕೊಂಡು ಬಾ ಅಂದಿದ್ದಳು. ಅವನು ಕಣ್ಣೊರೆಸಿಕೊಂಡು ಅವಳನ್ನು ಬದಿಗೆ ಕರೆದ.

"ಕಬ್ಬಿಗೆ ಕೈ ಹಚ್ಚಿಲ್ರಿ ಅಕ್ಕಾ. ಒಂದು ಗಣಿಕಿ ಸೈತ ಮುರದಿಲ್ಲ. ಕುಣಿ ತಗ್ಯಾಕ ಹತ್ತಿದ್ದು ಮೋಟರ್ ಶೆಡ್ಡಿನ ಬಾಜೂಕ, ಬದುವಿನ ಮ್ಯಾಲ."

ಸುಮಿತಾಳ ಕಿವಿ ಬಿಸಿಯಾದವು. ಅಣ್ಣನ ಬಾಜೂಕ!

* * *

ತನ್ನನ್ನು ತನ್ನ ಹೊಲದಲ್ಲೇ ಇಡಬೇಕೆಂದು ಅಂದಾನೆಪ್ಪ ಆಸೆಪಟ್ಟಿದ್ದ. ಇಂದು ನೀಲಕ್ಕನ ಮಣ್ಣಿಗೂ ಬಂದಿದ್ದ ಜಂಗಮರಾದ ಅಡಿವೆಯ್ಯನವರೇ ಅಂದು ಕುಣಿಗೆ ಇಳಿದು ಕೂರಿಸಿದ್ದರು. ಮೇಲೆ ನಾಲ್ಕು ಕಲ್ಲು ನೆಟ್ಟು, ಒಂದರ ಮೇಲೆ ವಿಭೂತಿಯ ಮೂರು ಗೆರೆ ಕೊರೆಸಿ, ಪಕ್ಕದಲ್ಲಿ ಪತ್ರಿಯ ಸಸಿ ಹಚ್ಚಿದ್ದರು. ವರ್ಷದ ಪೂಜೆಗೆಂದು ತಾಯಿ ಮಗಳು ಹೂವು ಕಾಯಿ ಹಿಡಿದು ಹೋದರೆ ಅಲ್ಲಿ ಆಳೆತ್ತರದ ಕಬ್ಬು ನಿಂತಿತ್ತು. ಕಲ್ಲೂ ಇಲ್ಲ, ಸಸಿಯೂ ಇಲ್ಲ.

"ಹೊಲಾ ಖಾಲಿ ಬಿಡಾಕ ಬರ್ತೈತೇನ್ರಿ ವೈನಿ?" ಎಂದಿದ್ದ ಮಲಕಪ್ಪ. "ಅಣ್ಣ ಇಲ್ಲೇ ಎಲ್ಲೋ ಅದಾನ. ಎಲ್ಲಿ ನಿಂತು ಕೈ ಮುಗದ್ರೂ ಮುಟ್ಟತೈತಿ."

ಅವನ ಅಕ್ಕ ಕಾಶೆವ್ವ ಮಜ್ಜಿಗೆ ತಂದುಕೊಟ್ಟು, ನೀಲಕ್ಕನ ಕಣ್ಣೊರೆಸಿ, "ದೊಡ್ಡದು ಮಾಡಬ್ಯಾಡ ನನ್ನವ್ವಾ, ಅವಗ ನಾ ಹೇಳ್ತೇನಿ," ಅಂದಳು. ಮರುವಾರವೇ ಊರೆಲ್ಲ ಸುದ್ದಿ ಹಬ್ಬಿತ್ತು: ಕಬ್ಬು ಹಚ್ಚಲು ನೀಲಕ್ಕನೇ ಒಪ್ಪಿಗೆ ಕೊಟ್ಟಿದ್ದಾಳೆ, ಕಾಶೆವ್ವನ ಮುಂದೆ.

ಅಂದು ತಿರುಗಿ ಬರುವಾಗ ಬಸ್ಸಿನಲ್ಲಿ ನೀಲಕ್ಕ ಹಾರವನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕುಳಿತಿದ್ದಳು. "ನನ್ನ ಅಲ್ಲಿ ಇಡಬ್ಯಾಡ ಸುಮಿ. ಅವರನ್ನ ಹುಡುಕ್ಕೋತ ಆ ಕಬ್ಬಿನ್ಯಾಗ ಅಡ್ಡಾಡೂದು ನನ್ನ ಕೈಲೆ ಆಗಂಗಿಲ್ಲ. ನನಗರ ಒಂದು ಗುರ್ತು ಇರ್ಲಿ."

* * *

ಟೆಂಪೋದ ಹಾರ್ನು ಓಣಿ ಸೀಳಿತು. ಮಲಕಪ್ಪ ಅಂಗಳದ ನಡುವೆ ನಿಂತು ಟಾವೆಲ್ ಬೀಸುತ್ತಿದ್ದ. "ಹೊತ್ತಾತು, ಏಳ್ರಿ! ಹೆಣ್ಣಹುಡುಗಿ ಮಾತು ಕೇಳ್ಕೋತ ಕುಂತ್ರ ಹೆಣಾ ಕೊಳಿತೈತಿ!"

ಕೊಳಿತೈತಿ ಎಂಬ ಮಾತಿಗೆ ಸುಮಿತಾಳ ರಕ್ತ ಕುದಿಯಿತು. ಹೊಸ್ತಿಲಿಗೆ ಬಂದು, ಚೌಕಟ್ಟಿನ ಎರಡೂ ಬದಿಗೆ ಕೈ ಹಚ್ಚಿ ನಿಂತಳು. ಅವನು ಇನ್ನಷ್ಟು ಕೂಗಿದ, ಹಾರ್ನು ಇನ್ನಷ್ಟು ಒದರಿತು, ಆದರೆ ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಎದುರು ನಿಂತ್ರ ಮುಂದ ಬರಂಗಿಲ್ಲ. ಆಗ ಅವಳಿಗೆ ಉಳಿದ ಮಾತೂ ನೆನಪಾಯಿತು: ಬಾಗಲಾ ಬಿಟ್ಟು ಬಾವಿ ನೋಡ್ರಿ. ಹೊರಳಿ ಹೆಂಗಸರ ಗುಂಪು ನೋಡಿದಳು. ಕಾಶೆವ್ವ ಅಲ್ಲಿ ಇರಲಿಲ್ಲ.

"ಮೌನೇಶ, ಬಾಗಲಾ ಹಿಡಿ," ಎಂದವಳೇ ಅಡುಗೆಮನೆ ದಾಟಿ ಹಿತ್ತಲಿಗೆ ಓಡಿದಳು.

ಹಿತ್ತಲಲ್ಲಿ ಬಾವಿ ಇರಲಿಲ್ಲ, ನೀರಿನ ಟಾಕಿ ಇತ್ತು. ಅದರ ಮರೆಯಲ್ಲಿ ಕಾಶೆವ್ವ ಅಡಿವೆಯ್ಯನವರ ಎದುರು ಸೆರಗು ಕಣ್ಣಿಗೆ ಒತ್ತಿಕೊಂಡು ನಿಂತಿದ್ದಳು.

"ಹುಡುಗಿ ಒಪ್ಪ್ಯಾಳ್ರಿ ಅಜ್ಜಾರ. ನನ್ನ ತೊಡಿ ಮ್ಯಾಲ ತಲಿ ಇಟ್ಟು ಅತ್ಲು. ನಾಕ್ ಮಂದ್ಯಾಗ ಹೇಳಾಕ ನಾಚಿಕಿ ಅಕಿಗೆ. ಇಲ್ಲಿ ಕುಣಿ ನಿಲ್ಲಸಾಕ ನೀವ ಹೇಳಿಬಿಡ್ರಿ."

ಅಡಿವೆಯ್ಯನವರು ನಂಬಿ ಫೋನನ್ನು ಕಿವಿಗೆ ಹಿಡಿದೂ ಆಗಿತ್ತು.

"ಫೋನ್ ಇಡ್ರಿ ಅಜ್ಜಾರ," ಎಂದಳು ಸುಮಿತಾ. "ನಾ ಯಾರ ತೊಡಿ ಮ್ಯಾಲೂ ತಲಿ ಇಟ್ಟಿಲ್ಲ."

"ಅಯ್ಯ ನನ್ನವ್ವಾ, ದುಃಖದಾಗ ಮರತಿ ನೀ."

"ಮರತಿಲ್ಲ ಅತ್ತಿ. ನಮ್ಮವ್ವ ಒಪ್ಪ್ಯಾಳ ಅಂತ ಊರಿಗೆಲ್ಲಾ ಹೇಳಿ ಬಂದದ್ದೂ ಮರತಿಲ್ಲ. ಬರ್ರಿ ಅಜ್ಜಾರ, ಎಲ್ಲಾರ ಮುಂದನ ಕೇಳೂಣು."

ಅವಳು ಅಂಗಳಕ್ಕೆ ಬಂದಾಗ ಭಜನೆ ನಿಂತಿತು. ದನಿ ಏರಿಸದೆ ಕೇಳಿದಳು.

"ಕಾಕಾ, ಅಪ್ಪನ ಬಾಜೂಕ ಅಂದ್ರಿ. ಅಪ್ಪ ಎಲ್ಲಿ ಅದಾನ?"

"ಎಲ್ಲಿ ಅಂದ್ರ? ಹೊಲದಾಗ."

"ಹೊಲದಾಗ ಎಲ್ಲಿ?"

"ಅಲ್ಲೇ... ಕಬ್ಬಿನ್ಯಾಗ."

"ಯಾವ ಸಾಲಿನ್ಯಾಗ?"

ಮಲಕಪ್ಪ ಬೀಗರ ಕಡೆ ನೋಡಿದ. ಬೀಗರು ನೆಲ ನೋಡಿದರು.

"ಬದುವಿನ ಮ್ಯಾಲ ಕುಣಿ ತಗಸಿ ಅಣ್ಣನ ಬಾಜೂಕ ಅಂತೀರಿ. ನಮ್ಮಪ್ಪಗ ಒಂದು ಗೇಣು ಜಾಗಾ ಬಿಡಾಕ ಆಗಲಿಲ್ಲ ನಿಮಗ. ಈಗ ನಮ್ಮವ್ವನ್ನ ಕೇಳಾಕ ಬಂದೀರಿ!"

"ನನ್ನ ಕೈಲೆ ಇಟ್ಟೇನಿ ಅವನ್ನ," ಎಂದರು ಅಡಿವೆಯ್ಯನವರು. ಅವರ ಮುಖ ಕಪ್ಪಿಟ್ಟಿತ್ತು. "ನಾಕ್ ಕಲ್ಲು ನೆಟ್ಟಿದ್ನೆಲ್ಲೊ ಮಲಕಪ್ಪ. ಎಲ್ಲ್ಯದಾವ?"

ಉತ್ತರ ಕೊಟ್ಟವನು ಜ್ಯೋತಿಬಾ. "ಮೂರು ಗೆರಿ ಕೊರದದ್ದು ಒಂದು ಕಲ್ಲು ಮೋಟರಿನ ಮುಂದ ಐತ್ರಿ. ಅದರ ಮ್ಯಾಲ ಅರಬಿ ಒಗ್ಯಾಕ ಹತ್ತಿದ್ರು."

ಅಡಿವೆಯ್ಯನವರು ಹೋಗಿ ವಿಮಾನದ ಒಂದು ಬಿದಿರಿಗೆ ಕೈ ಹಚ್ಚಿದರು. ಇಷ್ಟು ಹೊತ್ತು ಅದೇ ರೂಢಿ, ಅದೇ ರೂಢಿ ಎಂದವರು ಉಳಿದ ಕಡೆ ಹೆಗಲು ಕೊಡಲು ನಾ ಮುಂದು ನೀ ಮುಂದು ಎಂದು ಬಂದರು.

* * *

ರುದ್ರಭೂಮಿಯ ಹಾದಿಯಲ್ಲಿ, ಹೆಣ್ಣುಮಕ್ಕಳು ಕುಣಿಯ ತನಕ ಬರಬಾರದೆಂದು ಯಾರೋ ಗೊಣಗಿದ್ದು ಸುಮಿತಾಳ ಕಿವಿಗೆ ಬಿತ್ತು. ಅವಳು ನಡಿಗೆ ನಿಲ್ಲಿಸಲಿಲ್ಲ.

ಮೌನೇಶ, ಜ್ಯೋತಿಬಾ ಕುಣಿಗೆ ಇಳಿದು, ಒಳಗೋಡೆಯಲ್ಲಿ ಕೊರೆದ ಗೂಡಿನಲ್ಲಿ ನೀಲಕ್ಕನನ್ನು ಕೂರಿಸಿದರು. ಅಡಿವೆಯ್ಯನವರು ಎಡಗೈ ಬಿಡಿಸಿ, ಲಿಂಗ ಇಟ್ಟು, ಬೆರಳು ಮಡಚಿದರು. ಮುಖ ಗೇಟಿನ ಕಡೆ ಇತ್ತು. ಮೇಲಿನಿಂದ ವಿಭೂತಿ, ಪತ್ರಿ ಬೀಳುತ್ತಿದ್ದವು.

ಗೇಟಿನಲ್ಲಿ ಮಲಕಪ್ಪ ಕಾಣಿಸಿಕೊಂಡ. ಒಬ್ಬನೇ ಬಂದು ಕುಣಿಯ ಅಂಚಿಗೆ ನಿಂತ.

ಮೌನೇಶ ಕುಣಿಯೊಳಗಿಂದಲೇ ತಲೆ ಎತ್ತಿದ. "ಅಕ್ಕಾರ, ಕಾಶೆವ್ವ?"

ಸುಮಿತಾ ಹಿಂದೆ ತಿರುಗಿದಳು. ಕಂಪೌಂಡು ಕುಸಿದ ಕಡೆಯಿಂದ, ಕೈಯಲ್ಲಿ ಹೂವಿನ ಬುಟ್ಟಿ ಹಿಡಿದು, ಕಣ್ಣೊರೆಸಿಕೊಳ್ಳುತ್ತ ಕಾಶೆವ್ವ ಬರುತ್ತಿದ್ದಳು.

"ಕಂಡ್ಲು," ಎಂದಳು ಸುಮಿತಾ.

ಆಗ ಮಲಕಪ್ಪನ ಫೋನು ರಿಂಗಾಯಿತು. ರೂಢಿಯಂತೆ ಸ್ಪೀಕರ್ ಒತ್ತಿ ಅಂಗೈಯಲ್ಲಿ ಹಿಡಿದ.

"ಧಣ್ಯಾರ, ಹೊಲದಾಗ ಕುಣಿ ತಗದಾಗೇತ್ರಿ. ಎಲ್ಲಿಗೆ ಬಂದ್ರಿ?"

ಸುತ್ತ ನಿಂತವರೆಲ್ಲ ಮಲಕಪ್ಪನ ಅಂಗೈಯ ಕಡೆ ತಿರುಗಿದರು.

"ಹಲೋ? ಬರಂಗಿಲ್ಲೇನ್ರಿ? ಖಾಲಿ ಮುಚ್ಚಾಕ ನಾವ್ ಒಲ್ಲೆವ್ರಿ, ಧಣ್ಯಾರ. ಯಾರಿಗೆ ಇಡೂದ್ರಿ ಇದನ್ನ?"

ಅವನು ಫೋನು ಆರಿಸಲು ತಡಕಾಡಿದ, ಗುಂಡಿ ಬೆರಳಿಗೆ ಸಿಗಲೊಲ್ಲದು. ಕಣ್ಣು ತಗ್ಗಿಸಿದರೆ ಕೆಳಗೆ ನೀಲಕ್ಕ, ತಲೆ ನೆಟ್ಟಗೆ ಇಟ್ಟುಕೊಂಡು, ಅವನ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಅವನ ಅಂಗೈಯೊಳಗಿಂದ ದನಿ ಹಲೋ, ಹಲೋ ಎನ್ನುತ್ತಲೇ ಇತ್ತು.