ಹಗ್ಗದ ಇನ್ನೊಂದು ತುದಿ

"ಆ ಕಡೆ ಬೇಡ ಮಾರಾಯ್ತಿ, ಬರೀ ಕೆಸರು. ಮೇಲಿಂದ ಹೋಗೋಣ," ಎಂದ ಐಲಿಫ್, ಪೊದೆ ಕಡಿಯುತ್ತಿದ್ದ ಕತ್ತಿಯನ್ನೇ ಗುಡ್ಡದ ಕಡೆ ಚಾಚಿ.

ರಾಗ್ನಿ ನಿಲ್ಲಲಿಲ್ಲ. ಹನ್ನೊಂದನೆಯ ವಯಸ್ಸಿನಿಂದ ಆರು ಬೇಸಿಗೆ ಇದೇ ಬೆಟ್ಟದಲ್ಲಿ ಆಡು ಕಾಯ್ದವಳು ಅವಳು. ಕೆಸರೆಲ್ಲಿ, ಕಲ್ಲೆಲ್ಲಿ ಎಂಬುದನ್ನು ಗಂಡನಿಂದ ಕಲಿಯಬೇಕಾಗಿರಲಿಲ್ಲ.

"ನಿಂಗೆ ಗೊತ್ತಿರೋದು ಹಿಮ. ಹಿಮದ ಅಡಿ ಏನಿದೆ ಅಂತ ನಂಗೊತ್ತು," ಎಂದು ತಿರುಗಿಯೂ ನೋಡದೆ ಹೇಳಿ, ಕೆರೆಯ ಕಡೆ ಇಳಿಯತೊಡಗಿದಳು. ಐಲಿಫ್ ಪೊದೆಯನ್ನು ಅರ್ಧಕ್ಕೇ ಬಿಟ್ಟು ಅವಳ ಹಿಂದೆ ಓಡಿದ.

ಮೂವತ್ತೊಂದು ವರ್ಷಗಳಿಂದ ಪ್ರತಿ ಮಾರ್ಚ್‌ನಲ್ಲಿ, ಈಸ್ಟರ್ ಹಬ್ಬಕ್ಕೆ ಮುಂಚೆ, ಈ ಬೆಟ್ಟದ ಸ್ಕೀ ದಾರಿಗೆ ಗುರುತು ಹಾಕುತ್ತಿದ್ದವನು ಐಲಿಫ್. ಏಳು ತಂಗುಮನೆಗಳನ್ನು ದಾಟಿ ಎಂಟು ದಿನ ಸಾಗುವ ದಾರಿಯಲ್ಲಿ ಅವನ ಪಾಲು ಎರಡು ದಿನದ್ದು: ಊರಿನಿಂದ ಬ್ಯೋರ್ಕ್‌ಬು ತಂಗುಮನೆ, ಅಲ್ಲಿಂದ ಮುಂದಿನ ಕಣಿವೆ. ಹತ್ತು ಮೀಟರಿಗೊಂದು ಬರ್ಚ್ ಮರದ ಕೊಂಬೆಯನ್ನು ಹಿಮದಲ್ಲಿ ನೆಡಬೇಕು. ಗಾಳಿ ಎದ್ದು ಕಣ್ಣಿಗೆ ಏನೂ ಕಾಣದಾದಾಗ ಸ್ಕೀ ಮೇಲೆ ಬಂದವರು ಕೊಂಬೆಯಿಂದ ಕೊಂಬೆಗೆ ತಡಕುತ್ತ ಮನೆ ಸೇರುತ್ತಾರೆ. ಚಳಿಗಾಲದಲ್ಲಿ ಆ ದಾರಿ ಜೌಗು, ತೊರೆ, ಕೆರೆ ಯಾವುದನ್ನೂ ಲೆಕ್ಕಿಸದೆ ನೆಟ್ಟಗೆ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ದಾರಿಯೇ ಇಲ್ಲ. ಕೆಂಪಾದ ಕುರುಚಲು ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಒಣಗಿದ ಹಳೆಯ ಕೊಂಬೆ ಬಿದ್ದಿರುತ್ತದೆ, ಅಷ್ಟೆ. ಆದರೂ ಆ ಗೆರೆ ಹಿಡಿದು ನಡೆದು ಬೆಳೆದ ಪೊದೆಗಳನ್ನು ಕಡಿಯಲೇಬೇಕು. ಇಲ್ಲವಾದರೆ ಅವುಗಳ ತುದಿ ಹಿಮದಿಂದ ಹೊರಗೆ ಚಾಚಿ ಸ್ಕೀಗಳಿಗೆ ಸಿಕ್ಕಿಕೊಳ್ಳುತ್ತದೆ.

ಮೊದಲು ಈ ಕೆಲಸಕ್ಕೆ ಇಬ್ಬರಿದ್ದರು. ಐಲಿಫ್ ಹತ್ತು ಮೀಟರ್ ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡು ಮುಂದೆ ಹೋಗುವುದು, ಗೆಳೆಯ ಓಸ್ಮುಂಡ್ ಇನ್ನೊಂದು ತುದಿ ಹಿಡಿದು ಹಿಂದೆ ನಿಲ್ಲುವುದು. ಹಗ್ಗ ಬಿಗಿದಾಗ ಓಸ್ಮುಂಡ್ "ನಿಲ್ಲು" ಎಂದು ಕೂಗುತ್ತಿದ್ದ, ಐಲಿಫ್ ಕೊಂಬೆ ನೆಡುತ್ತಿದ್ದ. ಎರಡು ವರ್ಷದ ಹಿಂದೆ ಓಸ್ಮುಂಡ್ ತೀರಿಕೊಂಡ. ಅಂದಿನಿಂದ ಐಲಿಫ್ ಹಗ್ಗದ ಹಿಂದಿನ ತುದಿಯನ್ನು ಕೊಂಬೆ ತುಂಬಿದ ಸ್ಲೆಡ್ಡಿಗೆ ಕಟ್ಟಿ, ಹಗ್ಗ ಬಿಗಿಯುವವರೆಗೆ ನಡೆದು, ಕೊಂಬೆ ನೆಟ್ಟು, ಸ್ಲೆಡ್ಡನ್ನು ತನ್ನತ್ತ ಎಳೆದುಕೊಂಡು ಒಬ್ಬನೇ ಕೆಲಸ ಮಾಡುತ್ತಿದ್ದ. ಸ್ಲೆಡ್ಡು ಕೂಗುವುದಿಲ್ಲ, ಹರಟೆಯನ್ನೂ ಹೊಡೆಯುವುದಿಲ್ಲ.

ಈ ಸಲ ರಾಗ್ನಿ ತಾನೂ ಬರುತ್ತೇನೆಂದು ಹಟ ಹಿಡಿದಿದ್ದು ಕಳೆದುಹೋದ ಬಟ್ಟಲನ್ನು ಇನ್ನೊಮ್ಮೆ ಹುಡುಕುವುದಕ್ಕಾಗಿ. ಅವಳ ಅಪ್ಪ ಬರ್ಚ್ ಮರದ ಗಂಟನ್ನು ಕೊರೆದು ಮಾಡಿ, ಮದುವೆಯ ದಿನ ಅಳಿಯನಿಗೆ ಕೊಟ್ಟ ಬಟ್ಟಲು ಅದು. ಮೂವತ್ತೆಂಟು ವರ್ಷ ಐಲಿಫನ ನಡುಪಟ್ಟಿಗೆ ನೇತುಬಿದ್ದಿತ್ತು. ಮಾರ್ಚ್‌ನಲ್ಲಿ ಅವನು ಅದಿಲ್ಲದೆ ಬಂದ. ಬ್ಯೋರ್ಕ್‌ಬುವಿನಲ್ಲಿ ಮರೆತೆ ಎಂದ. ಈಸ್ಟರ್‌ಗೆ ಅಲ್ಲಿಗೆ ಹೋದ ರಾಗ್ನಿ ಮೂಲೆಮೂಲೆ ಹುಡುಕಿ, ಸಿಗದೆ, ಅತಿಥಿಗಳ ಪುಸ್ತಕದಲ್ಲಿ ಬಟ್ಟಲುಗಳ್ಳನ ಮೇಲೆ ಅರ್ಧ ಪುಟ ಬರೆದಳು. ಆಮೇಲೆ ಊರಿನ ಅಂಗಡಿಗೆ ದೊಡ್ಡ ಚೀಲ ಹೊತ್ತ ಪರದೇಶಿಗಳು ಯಾರೇ ಬರಲಿ, ಮೊದಲು ಅವರ ಸೊಂಟ ನೋಡುತ್ತಿದ್ದಳು. ಆ ಪಾಪದವರಿಗೆ ಏನು ಅನ್ನಿಸುತ್ತಿತ್ತೋ.

ಬಟ್ಟಲನ್ನು ಯಾರೂ ಕದ್ದಿರಲಿಲ್ಲ. ಹೊಳೆ ಬಂದು ಕೆರೆ ಸೇರುವಲ್ಲಿ ಒಳಹರಿವಿರುತ್ತದೆ, ಮೇಲಿನ ಮಂಜುಗಡ್ಡೆ ತೆಳ್ಳಗಿರುತ್ತದೆ. ಆ ಜಾಗವನ್ನು ಬಳಸಿಕೊಂಡು ಹೋಗಬೇಕೆಂದು ಓಸ್ಮುಂಡ್ ಪ್ರತಿ ವರ್ಷ ಗೊಣಗುತ್ತಿದ್ದ. ಮಾರ್ಚ್‌ನಲ್ಲಿ, ದಣಿದಿದ್ದ ಐಲಿಫ್ ಇನ್ನೂರು ಹೆಜ್ಜೆ ಉಳಿಸಲು ನೆಟ್ಟಗೆ ಹೋದ, ಕೆರೆ ಬಾಯಿಬಿಟ್ಟಿತು, ಬಟ್ಟಲು ನೀರು ಸೇರಿತು. ಹೇಗೋ ಮೇಲೆ ಬಂದು, ಮೊದಲು ಅಲ್ಲಿಯ ಕೊಂಬೆಗಳನ್ನು ಕಿತ್ತು, ಗಡಗಡ ನಡುಗುತ್ತಲೇ ಗುರುತನ್ನು ಸುತ್ತಿನ ದಾರಿಗೆ ಬದಲಿಸಿ, ತಂಗುಮನೆಯ ಒಲೆಯ ಮುಂದೆ ಬಟ್ಟೆ ಒಣಗಿಸಿಕೊಂಡು, ಮರುದಿನ ಉಳಿದ ದಾರಿಗೂ ಗುರುತು ಹಾಕಿ ಮನೆಗೆ ಬಂದಿದ್ದ. ರಾಗ್ನಿಗೆ ತಿಳಿದರೆ ಅವತ್ತೇ ದಾರಿಯನ್ನು ನೋಡಿಕೊಳ್ಳುವ ಪ್ರವಾಸಿ ಸಂಘಕ್ಕೆ ಫೋನ್ ಮಾಡಿ ಅವನ ಕೆಲಸ ಬಿಡಿಸುತ್ತಾಳೆ ಎಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ಅವನಿಗೆ ಅರವತ್ತೊಂಬತ್ತು ವರ್ಷವಾಗಿತ್ತು. ತಾನು ಮಾಡದೆ ಬಿಟ್ಟರೆ ನಾಲ್ಕು ಜನಕ್ಕೆ ತೊಂದರೆಯಾಗುವ ಕೆಲಸ ಅವನಿಗೆ ಉಳಿದಿದ್ದು ಇದೊಂದೇ. ಅದೂ ಹೋದರೆ ಬೆಳಗ್ಗೆ ಎದ್ದು ಏನು ಮಾಡುವುದೆಂದು ಅವನಿಗೆ ಗೊತ್ತಿರಲಿಲ್ಲ.

ಕೆರೆಯ ದಂಡೆಯಲ್ಲಿ ಕೆಂಪು ಹಣ್ಣುಗಳು ಗೊಂಚಲುಗೊಂಚಲಾಗಿದ್ದವು. ರಾಗ್ನಿ ಡಬ್ಬಿ ತೆಗೆದು ಆರಿಸತೊಡಗಿದಳು. ಆರಿಸುತ್ತ ಆರಿಸುತ್ತ ಹೊಳೆಯ ಬಾಯಿಯತ್ತಲೇ ಸರಿಯುತ್ತಿದ್ದಳು. ಕಾಫಿ ಆರಿಹೋಗುತ್ತದೆ ಎಂದು ಐಲಿಫ್ ಎರಡು ಸಲ ಕರೆದ. ರೊಟ್ಟಿಯ ಮೇಲೆ ಅವಳಿಗಿಷ್ಟವಾದ ಕಂದು ಚೀಸನ್ನು ದಪ್ಪಗೆ ಹೆರೆದು ಇಟ್ಟ. ಅಷ್ಟು ದಪ್ಪ ಹೆರೆದಿದ್ದನ್ನು ನೋಡಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು. ಅವಳು ನೋಡಲಿಲ್ಲ. ನೀರು ತಂದು ಒಟ್ಟಿದ ಕಸಕಡ್ಡಿಯ ಮುಂದೆ ಬಾಗಿದಳು, ಏನನ್ನೋ ಎಳೆದಳು.

ನೇರವಾದಾಗ ಅವಳ ಕೈಯಲ್ಲಿ ಬಟ್ಟಲಿತ್ತು.

ಮರ ನೀರಲ್ಲಿ ತೇಲುತ್ತದೆ ಎಂಬುದು ಆರು ತಿಂಗಳಲ್ಲಿ ಒಮ್ಮೆಯೂ ಐಲಿಫನಿಗೆ ಹೊಳೆದಿರಲಿಲ್ಲ. ಅವಳು ಕೆಸರು ತೊಳೆದು, ಬಟ್ಟಲನ್ನು ಬೋರಲು ಮಾಡಿ, ಅಪ್ಪ ತಳದಲ್ಲಿ ಸುಟ್ಟು ಮೂಡಿಸಿದ್ದ ಎರಡು ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು. ನಿಧಾನವಾಗಿ ಬಂದು ಎದುರಿನ ಕಲ್ಲಿನ ಮೇಲೆ ಕೂತಳು.

"ಬ್ಯೋರ್ಕ್‌ಬು ಇರೋದು ಕೆರೆಯಿಂದ ಕೆಳಗೆ," ಎಂದಳು. "ಇದು ಗುಡ್ಡ ಹತ್ತಿ ಬಂತಾ?"

ಇನ್ನೊಂದು ಸುಳ್ಳು ಹೇಳಬಹುದಾಗಿತ್ತು. ನಾಲಗೆಯ ತುದಿಗೂ ಬಂದಿತ್ತು.

"ಮಂಜುಗಡ್ಡೆ ಒಡೀತು."

"ಎಲ್ಲಿವರೆಗೆ ಹೋದೆ?"

ಐಲಿಫ್ ಅಂಗೈಯನ್ನು ಎದೆಯ ಮೇಲಿಟ್ಟು ತೋರಿಸಿದ. ರಾಗ್ನಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡಳು.

"ಯಾರು ಎಳೆದಿದ್ದು?"

"ಯಾರೂ ಇರ್ಲಿಲ್ಲ. ಸ್ಲೆಡ್ಡು ಹಿಂದೆ ಗಟ್ಟಿ ಕಡೆ ನಿಂತಿತ್ತು. ಹಗ್ಗ ಹಿಡ್ಕೊಂಡು ಬಂದೆ."

ಅವಳು ಮುಖ ಆ ಕಡೆ ತಿರುಗಿಸಿ, ಮೂಗು ಒರೆಸಿಕೊಂಡು, ಹಾಳು ಗಾಳಿ ಎಂದು ಬೈದಳು. ಗಾಳಿ ಅಷ್ಟೇನೂ ಇರಲಿಲ್ಲ. ಆಮೇಲೆ ಬಟ್ಟಲಿಗೆ ಕಾಫಿ ಸುರಿದು ಅವನ ಕೈಗಿಟ್ಟಳು. ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು, ಆದರೂ ಸೋರಲಿಲ್ಲ.

ಬ್ಯೋರ್ಕ್‌ಬು ಸೇರುವವರೆಗೆ ಅವಳು ಮುಂದೆ ಮುಂದೆಯೇ ನಡೆದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಐಲಿಫನಿಗೆ ಅನ್ನಿಸಿತು. ಒಳಗೆ ಹೋದವಳೇ ಬೂಟು ಕೂಡ ಬಿಚ್ಚದೆ ಅತಿಥಿಗಳ ಪುಸ್ತಕ ತೆರೆದು ಏನೋ ಬರೆದು, ಬಕೆಟ್ ಹಿಡಿದು ನೀರಿಗೆ ಹೋದಳು. ಐಲಿಫ್ ಕನ್ನಡಕ ಏರಿಸಿ ಓದಿದ. ಈಸ್ಟರ್‌ನ ಅರ್ಧ ಪುಟದ ಬೈಗುಳಕ್ಕೆ ಅಡ್ಡಗೆರೆ ಬಿದ್ದಿತ್ತು. ಕೆಳಗೆ ಹೀಗಿತ್ತು: "ಬಟ್ಟಲು ಸಿಕ್ಕಿದೆ. ಕಳ್ಳನೂ ಸಿಕ್ಕಿದ್ದಾನೆ. ಎರಡನ್ನೂ ಮನೆಗೆ ಒಯ್ಯುತ್ತಿದ್ದೇನೆ. ಉಳಿದ ಎಲ್ಲರೂ ಕ್ಷಮಿಸಬೇಕು."

ಅವನಿಗೆ ನಗು ಬಂತು. ಆದರೆ ಊರಿಗೆ ಇಳಿದ ಮೇಲೆ ಅವಳು ಸಂಘಕ್ಕೆ ಮಾಡುವ ಫೋನು ನೆನಪಾಗಿ ಪುಸ್ತಕ ಮುಚ್ಚಿಟ್ಟ.

ಬೆಳಗ್ಗೆ ಅವನು ಎದ್ದಾಗ ರಾಗ್ನಿ ಅವನ ಚೀಲದಿಂದ ಹಗ್ಗ ತೆಗೆದು ಒಂದೊಂದೇ ಮೊಳ ಕೈಯಲ್ಲಿ ಸರಿಸುತ್ತ ಎಲ್ಲಾದರೂ ಸವೆದಿದೆಯೇ ಎಂದು ನೋಡುತ್ತಿದ್ದಳು. ಗಂಜಿ ಕುಡಿದದ್ದೇ ಕೆರೆಗೆ ವಾಪಸು ಹೊರಡಿಸಿದಳು. ಹೊಳೆಯ ಬಾಯಿಯ ಹತ್ತಿರ ನಿಂತು, ಓಸ್ಮುಂಡ್ ಎಲ್ಲಿಂದ ಬಳಸಿ ಹೋಗಬೇಕು ಎನ್ನುತ್ತಿದ್ದ ಎಂದು ಕೇಳಿದಳು. ಐಲಿಫ್ ತೋರಿಸಿದ. ಅವಳು ಹಗ್ಗದ ಒಂದು ತುದಿಯನ್ನು ಅವನ ಸೊಂಟಕ್ಕೆ ಸುತ್ತಿ, ಆಡು ಕಟ್ಟುವ ಗಂಟು ಹಾಕಿ, ಉಸಿರು ಸಿಕ್ಕಿಕೊಳ್ಳುವಷ್ಟು ಬಿಗಿದಳು.

"ಮಾರ್ಚ್‌ನಲ್ಲಿ ಸ್ಲೆಡ್ಡು ಕೊಂಬೆ ಹೊರಲಿ," ಎಂದಳು. "ಈ ತುದಿ ನಂದು. ನಡಿ."

ಐಲಿಫ್ ಗಂಟನ್ನೊಮ್ಮೆ ಮುಟ್ಟಿ ನೋಡಿದ. ನಡೆದ. ಕೆಂಪು ಗಿಡಗಳ ಮೇಲೆ ಹಗ್ಗ ಸರಸರ ಹರಿದು ಬಂತು. ಹತ್ತು ಮೀಟರ್ ಆಯಿತು, ಹಗ್ಗ ಬಿಗಿಯಿತು. "ನಿಲ್ಲು" ಎಂಬ ಕೂಗಿಗಾಗಿ ಕಾದ. ಕೂಗು ಬರಲಿಲ್ಲ. ಬದಲಿಗೆ ಸೊಂಟದಲ್ಲಿ ಜಗ್ಗಿದಂತಾಯಿತು. ತಿರುಗಿ ನೋಡಿದ.

ರಾಗ್ನಿ ಎರಡೂ ಕಾಲನ್ನು ಒಂದು ಬಂಡೆಗೆ ಒತ್ತಿ, ಹಗ್ಗವನ್ನು ಬೆನ್ನ ಹಿಂದಿನಿಂದ ಬಳಸಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ ನಿಂತಿದ್ದಳು. ತಾನು ಬಿದ್ದರೆ ಹಿಡಿಯಬಲ್ಲಳೇ ಎಂದು ಪರೀಕ್ಷಿಸುತ್ತಿದ್ದಾಳೆಂದು ಅವನು ಅರ್ಥಮಾಡಿಕೊಂಡು, ಅವಳಿಗೆ ಬೆನ್ನು ಹಾಕಿ, ಮೈಭಾರವನ್ನೆಲ್ಲ ಹಗ್ಗಕ್ಕೆ ಬಿಟ್ಟು ಕೆರೆಯತ್ತ ಬಾಗಿದ. ಹಗ್ಗ ಒಂದು ಗೇಣೂ ಮುಂದೆ ಸರಿಯಲಿಲ್ಲ.